ಮನೆ ತೊಳೆಯುವ ದಿನ ನನ್ನ ಹಕ್ಕಿಗಳು ಎಲ್ಲಿರುತ್ತವೆ

ನಮ್ಮ ಮನೆಯಲ್ಲಿ ಒಂದು ಜೋಡಿ ಬಜರಿಗರ್, ಒಂದು ಕಾಕಟೀಲ್ ಇವೆ, ಎರಡೂ ಗಿಳಿ ಬಳಗದ ಪುಟ್ಟ ಹಕ್ಕಿಗಳು. ಹಕ್ಕಿ ಸಾಕುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ನೆಲ ಒರೆಸೋಕೆ ಏನು ಹಾಕ್ತೀರಿ? ಹಕ್ಕಿಗೆ ಏನೂ ಆಗದಂಥದ್ದು ಯಾವುದಿದೆ?" ನಾನು ತಕ್ಷಣ ಬಾಟಲಿಯ ಹೆಸರು ಹೇಳುವುದಿಲ್ಲ. ಪಂಜರ ಎಲ್ಲಿದೆ, ಕಿಟಕಿ ಯಾವ ಕಡೆಗಿದೆ, ಬಾತ್‌ರೂಮಿನ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ. ಮನೆಯೊಳಗೆ ಗಾಳಿ ಓಡಾಡುವ ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಕ್ಕಿಗೆ ಘಾಟು ಯಾಕೆ ಇಷ್ಟು ಬೇಗ ತಾಗುತ್ತದೆ? ಅದರ ಉಸಿರಾಟವೇ ಬೇರೆ ಥರ. ನಮ್ಮ ಶ್ವಾಸಕೋಶ ಹಿಗ್ಗಿ ಕುಗ್ಗುತ್ತದೆ, ಹೋದ ದಾರಿಯಲ್ಲೇ ಗಾಳಿ ವಾಪಸ್ ಬರುತ್ತದೆ. ಹಕ್ಕಿಯ ಶ್ವಾಸಕೋಶ ಅಷ್ಟಾಗಿ ಹಿಗ್ಗುವುದಿಲ್ಲ. ಅದಕ್ಕೆ ಸೇರಿಕೊಂಡ ಗಾಳಿಚೀಲಗಳು ತಿದಿಯಂತೆ ಕೆಲಸ ಮಾಡಿ, ಗಾಳಿಯನ್ನು ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ತಳ್ಳುತ್ತವೆ. ಒಳಗೆ ಎಳೆದ ಗಾಳಿ ಪೂರ್ತಿ ಹೊರಬರಲು ಎರಡು ಉಸಿರು ಬೇಕು. ರಕ್ತಕ್ಕೂ ಗಾಳಿಗೂ ನಡುವಿನ ಪೊರೆ ತುಂಬ ತೆಳು. ಹಾರುವಾಗ ಬೇಕಾದಷ್ಟು ಆಮ್ಲಜನಕ ಹೀರಿಕೊಳ್ಳಲು ಇದು ಅದ್ಭುತವಾದ ಏರ್ಪಾಡು. ಆದರೆ ಆಮ್ಲಜನಕವನ್ನು ಹೀರುವಷ್ಟೇ ಚೆನ್ನಾಗಿ ವಿಷವನ್ನೂ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಯನ್ನು ಒಳಗೆ ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನುಷ್ಯನಿಗೆ ಗೊತ್ತಾಗುವ ಮೊದಲೇ ಹಕ್ಕಿ ಕುಸಿಯುತ್ತಿತ್ತು. ಅವುಗಳ ಬದಲು ಯಂತ್ರ ಬಳಸಬೇಕೆಂದು ಅಲ್ಲಿ ತೀರ್ಮಾನವಾದದ್ದು 1986ರಲ್ಲಿ. ಈಗ ನಮ್ಮ ಮನೆಯೊಳಗೆ ಯಾವ ಹಕ್ಕಿಯೂ ಆ ಕೆಲಸ ಮಾಡಬಾರದು ಅಲ್ವಾ?

ನನಗೆ ಹೆಚ್ಚು ಭಯ ಬಾತ್‌ರೂಮಿನದು. ಬ್ಲೀಚ್, ಟಾಯ್ಲೆಟ್ ತೊಳೆಯುವ ಆಸಿಡ್, ಫಿನೈಲ್, ಗಾಜು ಒರೆಸುವ ದ್ರಾವಣ, ಎಲ್ಲ ಒಂದೇ ಮೂಲೆಯಲ್ಲಿ ಇರುತ್ತವೆ. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ದ್ರಾವಣ ಸೇರಿದರೆ ಕ್ಲೋರಮೈನ್. ಎರಡೂ ಮನುಷ್ಯನ ಎದೆಯನ್ನೇ ಸುಡುತ್ತವೆ, ಇನ್ನು ಹಿಡಿ ತುಂಬದ ಹಕ್ಕಿಯ ಗತಿ ಏನು? ಬೇಕೆಂದು ಯಾರೂ ಬೆರೆಸುವುದಿಲ್ಲ. ಕಮೋಡಿನಲ್ಲಿ ಆಸಿಡ್ ಇನ್ನೂ ಉಳಿದಿರುವಾಗ ಮೇಲೆ ಬ್ಲೀಚ್ ಸುರಿಯುತ್ತಾರೆ. ಇಲ್ಲವೇ ಒಂದಕ್ಕೆ ಬಳಸಿದ ಬಕೆಟ್ಟು, ಬಟ್ಟೆಯನ್ನೇ ಇನ್ನೊಂದಕ್ಕೂ ಬಳಸುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ದಿನಕ್ಕೆ ಒಂದೇ ದ್ರಾವಣ. ಇವತ್ತು ಟಾಯ್ಲೆಟ್ ಆಸಿಡ್ ಬಳಸಿದರೆ ಬ್ಲೀಚ್ ಬಾಟಲಿಯ ಮುಚ್ಚಳ ತೆಗೆಯುವಂತಿಲ್ಲ. ಫಿನೈಲನ್ನು ಮನೆಯಿಂದ ಹೊರಗೇ ಹಾಕಿದ್ದೇವೆ. ಅದರ ಘಾಟು ಗಂಟೆಗಟ್ಟಲೆ ಉಳಿಯುತ್ತದೆ, ಅದರ ಬದಲಿಗೆ ಬೇಕಾದಷ್ಟು ಬೇರೆ ದಾರಿಗಳಿವೆ.

"ಪಂಜರ ಎತ್ತರದಲ್ಲಿದೆ, ಏನೂ ಆಗಲ್ಲ" ಅನ್ನುವವರಿದ್ದಾರೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಕೆಳಗೆ ಹರಡುತ್ತದೆ ನಿಜ. ಆದರೆ ಅಮೋನಿಯ ಹಗುರ, ಮೇಲಕ್ಕೆ ಏರುತ್ತದೆ. ಫ್ಯಾನ್ ತಿರುಗುವ ಮನೆಯಲ್ಲಿ ಇವೆರಡೂ ಎಲ್ಲ ಕಡೆ ಸುತ್ತುತ್ತವೆ. ಎತ್ತರವನ್ನು ನಂಬಿ ಕೂರಬೇಡಿ.

ಗಾಳಿಯ ದಾರಿ ನೋಡಲು ನಾನು ಮಾಡುವುದು ಬಹಳ ಸರಳ. ತೆಳುವಾದ ಟಿಶ್ಯೂ ಪೇಪರಿನ ಒಂದು ಪಟ್ಟಿ ಹರಿದು, ಬಾತ್‌ರೂಮ್ ಬಾಗಿಲನ್ನು ಸ್ವಲ್ಪವೇ ತೆರೆದು, ಆ ಸಂದಿಯಲ್ಲಿ ಹಿಡಿಯುತ್ತೇನೆ. ಎಗ್ಸಾಸ್ಟ್ ಫ್ಯಾನ್ ಹಾಕಿದಾಗ ಪಟ್ಟಿ ಬಾತ್‌ರೂಮಿನ ಒಳಕ್ಕೆ ಬಾಗಿದರೆ ಸರಿ, ಮನೆಯ ಗಾಳಿ ಒಳಗೆ ಹೋಗಿ ಹೊರಬೀಳುತ್ತಿದೆ ಎಂದರ್ಥ. ನನ್ನ ಕಡೆಗೆ ಬಾಗಿದರೆ ಬಾತ್‌ರೂಮಿನ ಘಾಟೆಲ್ಲ ಮನೆಯೊಳಗೆ ಬರುತ್ತದೆ. ಹೊರಗಿನ ಗಾಳಿ ಬಾತ್‌ರೂಮ್ ಕಿಟಕಿಯಿಂದ ಜೋರಾಗಿ ಬೀಸುವ ದಿನ ಹೀಗಾಗುತ್ತದೆ. ಅಂಥ ದಿನ ಬರೀ ನೀರು ಹಾಕಿ ಉಜ್ಜಿ ಬಿಡುತ್ತೇನೆ, ದ್ರಾವಣದ ಕೆಲಸ ಮತ್ತೊಂದು ದಿನಕ್ಕೆ. ಹಕ್ಕಿಯ ಕೋಣೆಯ ಕಿಟಕಿಯಿಂದ ಗಾಳಿ ಒಳಬಂದು, ಬಾತ್‌ರೂಮಿನಿಂದ ಹೊರಹೋಗಬೇಕು. ಈ ದಿಕ್ಕು ತಿರುಗಬಾರದು. ಎಲ್ಲ ಕೋಣೆಗಳಿಗೂ ಒಂದೇ ಕೊಳವೆಯಿಂದ ತಂಪು ಗಾಳಿ ಬರುವ ಮನೆಯಾದರೆ ತೊಳೆಯುವಾಗ ಅದನ್ನು ಆರಿಸಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಿಯೂ ಲಾಭವಿಲ್ಲ.

ತೊಳೆಯುವ ದಿನ ಮೊದಲ ಕೆಲಸ ಹಕ್ಕಿಗಳನ್ನು ಸಾಗಿಸುವುದು. ಬಾಟಲಿ ಮುಟ್ಟುವುದು ಆಮೇಲೆ. ಮೂರನ್ನೂ ಚಿಕ್ಕ ಪಂಜರಗಳಿಗೆ ಹಾಕಿ ಮನೆಯ ಇನ್ನೊಂದು ತುದಿಯ ಕೋಣೆಗೆ ಒಯ್ದು, ಬಾಗಿಲು ಹಾಕಿ, ಅಡಿಯ ಸಂದಿಗೆ ಒದ್ದೆ ಟವೆಲ್ ತುರುಕುತ್ತೇನೆ. ಆ ಕೋಣೆಯ ಕಿಟಕಿ ತೆರೆದಿರುತ್ತದೆ. ಹೊರಗೆ ಇಡುವುದಾದರೆ ನೆರಳು ಬೇಕು, ಚಿಲಕ ಭದ್ರವಾಗಿರಬೇಕು, ಬೆಕ್ಕಿನ ಕಾಟ ಇದ್ದಲ್ಲಿ ಯಾರಾದರೂ ಪಕ್ಕದಲ್ಲೇ ಕೂರಬೇಕು.

ವಾಪಸ್ ತರುವುದು ಯಾವಾಗ? ಇಲ್ಲಿ ನಮ್ಮ ಮೂಗು ಮೋಸ ಮಾಡುತ್ತದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಕೊಂಡು "ಏನೂ ಇಲ್ಲ" ಅನ್ನುತ್ತದೆ. ಅದಕ್ಕೇ ನಾನು ಹೊರಗೆ ಹೋಗಿ ಅಡ್ಡಾಡಿ ಬಂದು ಮತ್ತೆ ಮೂಸಿ ನೋಡುತ್ತೇನೆ. ಹೊರಗಿನಿಂದ ಯಾರಾದರೂ ಬಂದರೆ ಇನ್ನೂ ಒಳ್ಳೆಯದು, ಅವರನ್ನೇ ಕೇಳುತ್ತೇನೆ. ನೆಲ ಪೂರ್ತಿ ಒಣಗಿ, ಘಾಟು ಹೋದ ಮೇಲೂ ಒಂದೆರಡು ಗಂಟೆ ಕಿಟಕಿ ತೆರೆದಿಟ್ಟು, ಕೈ ತೊಳೆದು, ಬಟ್ಟೆ ಬದಲಾಯಿಸಿ, ಆಮೇಲೆ ಹಕ್ಕಿಗಳನ್ನು ಕರೆತರುತ್ತೇನೆ.

ಪಂಜರದ ವಿಷಯಕ್ಕೆ ಬಂದರೆ, ದಿನವೂ ಬೇಕಾಗುವುದು ಬಿಸಿನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪು, ಒಂದು ಬ್ರಷ್ಷು ಅಷ್ಟೆ. ಹಿಕ್ಕೆ ಒಣಗಿ ಕಚ್ಚಿಕೊಂಡಿದ್ದರೆ ಬಿಸಿನೀರಿನ ಬಟ್ಟೆ ಅದುಮಿ ಇಟ್ಟರೆ ಸಾಕು, ನೆನೆದು ತಾನೇ ಬಿಡುತ್ತದೆ. ಒಣಗಿದ್ದನ್ನು ಕೆರೆಯಬಾರದು, ಆ ಪುಡಿ ಹಕ್ಕಿಗೂ ನಮಗೂ ಒಳ್ಳೆಯದಲ್ಲ. ಕಲೆ ಇದ್ದರೆ ಸಮಸಮ ನೀರು ಬೆರೆಸಿದ ವಿನೆಗರ್. ಅಡುಗೆ ಸೋಡಾ ಬೇರೆ ಸಲ. ಎರಡನ್ನೂ ಬೆರೆಸಿದರೆ ನೊರೆ ಬರುತ್ತದೆಯೇ ಹೊರತು ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ವಿನೆಗರ್ ಮನೆಯ ವಸ್ತು ಅಂತ ಕುದಿಸಲು ಹೋಗಬೇಡಿ, ಅದರ ಆವಿಯೂ ಚುರುಗುಟ್ಟುತ್ತದೆ. ಬ್ಲೀಚಿನ ಜೊತೆಗಂತೂ ಅದು ಸೇರಲೇಬಾರದು, ಅದೂ ಆಸಿಡ್ಡೇ.

ಯಾವುದಾದರೂ ಹಕ್ಕಿಗೆ ಕಾಯಿಲೆ ಬಂದು ಹೋದ ಮೇಲೆ ಪಂಜರವನ್ನು ನಿಜವಾಗಿ ಕ್ರಿಮಿಮುಕ್ತ ಮಾಡಬೇಕಾಗುತ್ತದೆ. ವಿನೆಗರ್ ಅಷ್ಟಕ್ಕೆ ಸಾಲದು. ಆಗ ಖಾಲಿ ಪಂಜರವನ್ನು ಬಯಲಿಗೆ ಒಯ್ದು, ಮೊದಲು ಹಿಕ್ಕೆಯನ್ನೆಲ್ಲ ತೊಳೆದು ತೆಗೆಯುತ್ತೇನೆ. ಕೊಳೆ ಇರುವ ಕಡೆ ಬ್ಲೀಚ್ ಕೊಳೆಯ ಮೇಲೇ ಖರ್ಚಾಗಿಬಿಡುತ್ತದೆ, ಕ್ರಿಮಿಗೆ ತಲುಪುವುದಿಲ್ಲ. ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ಹಾಕಿ ಬಳಿದು, 10 ನಿಮಿಷ ಬಿಟ್ಟು, ಧಾರಾಳ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸುತ್ತೇನೆ. ಮರದ ಕೊಂಬೆಗಳನ್ನು ತೊಳೆಯುವ ಗೋಜಿಗೆ ಹೋಗುವುದಿಲ್ಲ. ಮರ ದ್ರಾವಣವನ್ನು ಹೀರಿ ಇಟ್ಟುಕೊಳ್ಳುತ್ತದೆ, ಹಕ್ಕಿ ಅದನ್ನೇ ಕಡಿಯುತ್ತದೆ. ಹೊಸ ಕೊಂಬೆ ಹಾಕುತ್ತೇನೆ.

ಸ್ಪ್ರೇ ಬಾಟಲಿ ನನಗೆ ಆಗದು. ಅದು ದ್ರಾವಣವನ್ನು ಸಣ್ಣ ಸಣ್ಣ ಹನಿ ಮಾಡಿ ಗಾಳಿಯಲ್ಲಿ ತೇಲಿಬಿಡುತ್ತದೆ. ಒರೆಸಬೇಕಾದ್ದು ಮೇಜು, ಉಸಿರಾಡುವುದು ಹಕ್ಕಿ! ದ್ರಾವಣವನ್ನು ಬಟ್ಟೆಗೆ ಸುರಿದುಕೊಂಡು ಒರೆಸಿದರೆ ಕೆಲಸ ಅಷ್ಟೇ ಆಗುತ್ತದೆ. ರೂಮ್ ಫ್ರೆಶ್ನರ್, ಸುವಾಸನೆಯ ಮೇಣದ ಬತ್ತಿ, ಬೀರುವಿನ ನುಸಿಗುಳಿಗೆ ಇವು ಯಾವುವೂ ನಮ್ಮಲ್ಲಿಲ್ಲ. "ಗಿಡಮೂಲಿಕೆ ಎಣ್ಣೆ, ನೈಸರ್ಗಿಕ" ಎಂದು ಬರೆದಿದ್ದರೂ ಘಾಟು ಘಾಟೇ. ಏರ್ ಪ್ಯೂರಿಫೈಯರ್ ಇದೆಯಲ್ಲ ಎಂದು ಧೈರ್ಯ ಪಡುವವರಿಗೆ ಒಂದು ಮಾತು. ಅದರೊಳಗಿನ ಹೆಪಾ ಎಂಬ ಸೋಸುವ ಜಾಲರಿ ಧೂಳು ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ. ಓಝೋನ್ ಬಿಡುವ ಯಂತ್ರವಂತೂ ಹಕ್ಕಿ ಇರುವ ಮನೆಗೆ ಬೇಡವೇ ಬೇಡ.

ವಾಸನೆಯೇ ಕೊಡದೆ ಕೊಲ್ಲುವುದು ಅಡುಗೆಮನೆಯಲ್ಲಿದೆ. ನಾನ್‌ಸ್ಟಿಕ್ ಬಾಣಲೆಯ ಲೇಪ, ಪಿಟಿಎಫ್‌ಇ, ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ಖಾಲಿ ಬಾಣಲೆಯನ್ನು ಒಲೆಯ ಮೇಲೆ ಮರೆತರೆ ಅಷ್ಟು ಕಾವು ಬೇಗ ಏರುತ್ತದೆ. ಆ ಹೊಗೆಗೆ ಹಕ್ಕಿಯ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ನಿಮಿಷಗಳಲ್ಲೇ ಸಾಯಬಹುದು. ತಾನೇ ಶುಚಿಮಾಡಿಕೊಳ್ಳುವ ಓವನ್ ಇದಕ್ಕಿಂತ ಎಷ್ಟೋ ಜಾಸ್ತಿ ಬಿಸಿಯಾಗುತ್ತದೆ. ಆ ಗುಂಡಿಯನ್ನು ಹಕ್ಕಿ ಮನೆಯಲ್ಲಿರುವಾಗ ಒತ್ತಲೇಬಾರದು. ಇಸ್ತ್ರಿ ಪೆಟ್ಟಿಗೆಯ ತಳಕ್ಕೂ ಈ ಲೇಪ ಇರಬಹುದು. ನಾವು ಕಬ್ಬಿಣ, ಸ್ಟೀಲ್ ಪಾತ್ರೆಗಳಿಗೆ ಪೂರ್ತಿ ಬದಲಾಯಿಸಿಕೊಂಡೆವು.

ಇಷ್ಟೆಲ್ಲ ಮಾಡಿದರೂ ಕಣ್ಣಿಡಬೇಕು. ಹಕ್ಕಿ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಸುಮ್ನೆ ಕೂತಿರುವಾಗಲೂ ಪ್ರತಿ ಉಸಿರಿಗೆ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು, ದನಿ ಬದಲಾಗುವುದು, ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುವುದು, ಇದರಲ್ಲಿ ಯಾವುದು ಕಂಡರೂ ಕಾಯುವ ಹೊತ್ತಲ್ಲ. ತಕ್ಷಣ ಶುದ್ಧ ಗಾಳಿಗೆ ಒಯ್ಯಿರಿ. ಬೆಚ್ಚಗೆ, ಮಬ್ಬು ಬೆಳಕಿನಲ್ಲಿ, ಗದ್ದಲವಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ, ಅದು ಉಸಿರಿನ ದಾರಿಗೆ ಇಳಿಯಬಹುದು. ಜಾಸ್ತಿ ಹಿಡಿದಾಡಬೇಡಿ. ಹೊರಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿದರೆ ಅವರು ಆಕ್ಸಿಜನ್ ಸಿದ್ಧ ಇಟ್ಟುಕೊಳ್ಳುತ್ತಾರೆ. ಬಳಸಿದ ಬಾಟಲಿಯ ಲೇಬಲ್‌ನ ಫೋಟೊ ಜೊತೆಗಿರಲಿ.

ಗಾಳಿಗೆ ಬಂದ ಮೇಲೆ ಹಕ್ಕಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಸಲ ಗಂಟೆಗಳ ನಂತರ ಶುರುವಾಗುತ್ತದೆ. ಹಕ್ಕಿಗಳನ್ನು ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಯಾರು ನೋಡುತ್ತಾರೆ ಎಂದು ಮೊದಲೇ ವಿಚಾರಿಸಿ, ನಂಬರನ್ನು ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ನಾನಿಲ್ಲದಾಗ ಮನೆ ನೋಡಿಕೊಳ್ಳುವವರಿಗೂ ಅದು ಕಾಣುತ್ತದೆ.