ಇಳಿಜಾರಿನಲ್ಲಿ ಗ್ಯಾಸ್ ಪೈಪ್ ಹೂಳಿದ ನನ್ನ ಅನುಭವ

ನಾನು ಮಡಿಕೇರಿ ಕಡೆಯವನು. ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ಹಾಕುವಾಗ ಕಾಸರಗೋಡಿನ ಗುಡ್ಡಗಳಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. 450 ಕಿ.ಮೀ. ಉದ್ದದ ಆ ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಊರಿಗೆ ಬಂದಾಗ ಎಲ್ಲರೂ ಕೇಳುವುದು ಒಂದೇ: ನಾಳೆ ನಮ್ಮ ತೋಟಕ್ಕೂ ಬಂದರೆ? ಪೈಪ್ ಸಿಡಿಯುತ್ತದಾ?

ನನಗೆ ಗ್ಯಾಸಿಗಿಂತ ನೀರಿನ ಭಯ ಜಾಸ್ತಿ. ಬೆಸುಗೆಗೆ ಎಕ್ಸ್‌ರೇ ತೆಗೆಯುತ್ತಾರೆ, ಆಮೇಲೆ ನೀರು ತುಂಬಿಸಿ ಒತ್ತಡ ಕೊಟ್ಟು ನೋಡುತ್ತಾರೆ. ಗುಂಡಿ ಮುಚ್ಚುವಾಗ ಅಷ್ಟು ಜನರ ಕಣ್ಣು ಇರುವುದಿಲ್ಲ. ಪೈಪಿನ ಮೇಲೆ ಕನಿಷ್ಠ 1 ಮೀಟರ್ ಮಣ್ಣು ಬೀಳಬೇಕು. ಆ ಮಣ್ಣು ಸಡಿಲ ಇದ್ದರೆ ಮಳೆನೀರು ಅದರೊಳಗೇ ದಾರಿ ಮಾಡಿಕೊಂಡು, ಪೈಪಿನ ಪಕ್ಕದಲ್ಲೇ ಇಳಿಯುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಳಗೆ ಗುಡ್ಡ ಕೊರೆಯುತ್ತಾ ಇರುತ್ತದೆ.

ಅದಕ್ಕೇ ಇಳಿಜಾರಿನಲ್ಲಿ ಗುಂಡಿಯೊಳಗೆ ಅಡ್ಡಡ್ಡಲಾಗಿ ಮರಳು ಚೀಲದ ಗೋಡೆ ಕಟ್ಟಿಸುತ್ತಿದ್ದೆ. ಇಳಿಜಾರು ಕಡಿದಾದಷ್ಟೂ ಗೋಡೆಗಳು ಹತ್ತಿರ. ಅಗೆಯುವಾಗಲೇ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಕೊನೆಗೆ ಅದನ್ನೇ ಮೇಲೆ ಹರಡಿಸುತ್ತಿದ್ದೆ. ಅಡಿಮಣ್ಣು ಮೇಲೆ ಬಂದರೆ ಹುಲ್ಲೂ ಹುಟ್ಟುವುದಿಲ್ಲ. ಮಣ್ಣನ್ನು ಪದರ ಪದರವಾಗಿ ಗುದ್ದಿಸಿ, ಮೇಲೆ ಓರೆಯಾಗಿ ಬದು ಹಾಕಿಸಿ, ನೀರನ್ನು ಪಕ್ಕದ ತೋಡಿಗೆ ಬಿಡಿಸುತ್ತಿದ್ದೆ. ಮಳೆಗೆ ಮುಂಚೆ ಹುಲ್ಲು ಹಿಡಿಯಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕಾನೂನಿನ ವಿಷಯ. 1962ರ ಪೈಪ್‌ಲೈನ್ ಕಾಯ್ದೆಯಲ್ಲಿ ಜಾಗ ನಿಮ್ಮದಾಗಿಯೇ ಉಳಿಯುತ್ತದೆ. ಪೈಪ್‌ಲೈನ್ ಹಾಕುವವರು ಪಡೆಯುವುದು ಬಳಸುವ ಹಕ್ಕು ಮಾತ್ರ. ಅದಕ್ಕೆ ಜಾಗದ ಮಾರುಕಟ್ಟೆ ಬೆಲೆಯ ಶೇ. 10, ಬೆಳೆ ಮತ್ತು ಮರದ ನಷ್ಟ ಬೇರೆ. ಆಕ್ಷೇಪಣೆಗೆ ಅಧಿಸೂಚನೆಯಿಂದ 21 ದಿನ. ಹಾಗೆ ಹಕ್ಕು ಪಡೆದ ಜಾಗದಲ್ಲಿ ಮತ್ತೆ ಮರ ನೆಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ. ಕಾಫಿ ತೋಟಕ್ಕೆ ಇದು ದೊಡ್ಡ ಹೊಡೆತ. ನೆರಳಿನ ಮರ ಹೋದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಯಿತು, ಕೆಳಗಿನ ಕಾಫಿಗೂ ಬಿಸಿಲು. ಹಾಗಾಗಿ ನಷ್ಟದ ಲೆಕ್ಕಕ್ಕೆ ಜಂಟಿ ಸರ್ವೆಗೆ ಬಂದಾಗ ಸಿಲ್ವರ್ ಓಕ್ ಲೆಕ್ಕ ಮಾತ್ರ ಬರೆದುಕೊಂಡರೆ ಸುಮ್ನೆ ಸಹಿ ಹಾಕಬೇಡಿ. ಬಳ್ಳಿ, ಕಾಫಿ ಗಿಡ ಎಲ್ಲ ಪಟ್ಟಿಗೆ ಸೇರಿಸಿ.

ಜಮ್ಮಾ ಬಾಣೆಯವರು, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಾಗ ಇರುವವರು, ಇದಕ್ಕೂ ಮೊದಲೇ ಆರ್‌ಟಿಸಿ (ಪಹಣಿ) ನೋಡಿಕೊಳ್ಳಿ. ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರೇ ಇದೆ. ಪರಿಹಾರದ ನೋಟಿಸ್ ಹೋಗುವುದು ದಾಖಲೆಯಲ್ಲಿರುವ ಹೆಸರಿಗೆ. ಒಕ್ಕದವರು (ಮನೆತನದವರು) ಈಗಲೇ ಕೂತು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ.