ವಿಲ್ ಬರೆಸುವ ಮೊದಲು ಪಹಣಿ ತೆಗೆಸಿ

ನಿವೃತ್ತಿಯಾದ ಮೇಲೆ ‘ಒಂದು ವಿಲ್ ಮಾಡಿಸಿಬಿಡೋಣ’ ಎನ್ನುವವರು ನೇರ ವಕೀಲರ ಹತ್ತಿರ ಹೋಗುತ್ತಾರೆ. ಮೊದಲು ಹೋಗಬೇಕಾದದ್ದು ನಾಡಕಚೇರಿಗೆ. ತೋಟ ಇನ್ನೂ ಅಜ್ಜನ ಹೆಸರಲ್ಲಿ, ಮನೆ ಅಪ್ಪನ ಹೆಸರಲ್ಲಿ ಇರುವುದು ಮಲೆನಾಡಿನಲ್ಲಿ ಮಾಮೂಲು. ನಮ್ಮದಲ್ಲದ್ದನ್ನು ಎಷ್ಟು ಚೆಂದ ಬರೆದಿಟ್ಟರೂ ಮಕ್ಕಳ ಕೈಗೆ ಸಿಗುವುದು ಕೋರ್ಟಿನ ಅಲೆದಾಟ ಮಾತ್ರ.

ಪ್ರತಿ ಸರ್ವೆ ನಂಬರಿನ ಪಹಣಿ ತೆಗೆಸಿ, ಎರಡು ಕಾಲಂ ನೋಡಿ. 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಎಂದೋ ತೀರಿಸಿದ ಸೊಸೈಟಿ ಸಾಲ 11ರಲ್ಲಿ ಹಾಗೇ ಕೂತಿದ್ದರೆ, ಋಣಮುಕ್ತ ಪತ್ರ ತಂದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ಪಡೆಯಿರಿ. ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ಪೇಟೆಯ ಮನೆಗೆ ಇ-ಖಾತೆ. ಪಹಣಿಯಲ್ಲಿ ಕೃಷ್ಣಪ್ಪ, ಆಧಾರಿನಲ್ಲಿ ಕೃಷ್ಣಮೂರ್ತಿ ಎಂದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಇಬ್ಬರೂ ಒಬ್ಬರೇ ಎಂದು ನೀವಿಲ್ಲದಾಗ ಸಾಬೀತು ಮಾಡುವುದು ಮಕ್ಕಳಿಗೆ ದೊಡ್ಡ ತಲೆನೋವು.

ತೀರಿಹೋದವರ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಕೊಡಿ. ಎಡವುವುದು ವಂಶವೃಕ್ಷದಲ್ಲೇ. ‘ಮದುವೆಯಾಗಿ ಹೋದವರು’ ಎಂದು ಅಕ್ಕತಂಗಿಯರ ಹೆಸರು ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಖಾತೆ ನಿಮ್ಮೊಬ್ಬರ ಹೆಸರಿಗಾದರೂ ಅವರ ಪಾಲು ಅಳಿಯುವುದಿಲ್ಲ. ಅವರು ನಿಜವಾಗಿಯೂ ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಿ, ಬಾಯಿಮಾತು ಸಾಲದು.

ಸೊಪ್ಪಿನಬೆಟ್ಟ, ಕಾನು (ಕಾಡು), ಬಗರ್ ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ) ಜಾಗವನ್ನು ‘ನನ್ನ ಸ್ವಂತ ಆಸ್ತಿ’ ಎಂದು ವಿಲ್‌ನಲ್ಲಿ ಬರೆಸುವವರಿದ್ದಾರೆ. ಬೆಟ್ಟದಲ್ಲಿ ತೋಟಕ್ಕೆ ಸೊಪ್ಪು ತರುವ ಸವಲತ್ತು ಇದೆಯೇ ಹೊರತು ಮಾಲೀಕತ್ವ ಇಲ್ಲ. ಸಕ್ರಮಕ್ಕೆ ಅರ್ಜಿ ಹಾಕಿದ ಮಾತ್ರಕ್ಕೆ ಜಮೀನೂ ನಿಮ್ಮದಾಗುವುದಿಲ್ಲ. ಇವುಗಳ ವಿವರ, ಅರ್ಜಿಯ ಪ್ರತಿ, ದಂಡದ ರಸೀದಿ ಬೇರೆ ಫೈಲಿನಲ್ಲಿರಲಿ.

ವಿಲ್ ಇಲ್ಲದಿದ್ದರೆ ಏನಾಗುತ್ತದೆ? ಹಿಂದೂ ಕುಟುಂಬದ ಒಬ್ಬರ ಸ್ವಯಾರ್ಜಿತ ತೋಟ 3 ಎಕರೆ 10 ಗುಂಟೆ, ಅಂದರೆ 130 ಗುಂಟೆ ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮತ್ತು ಅವರ ವಯಸ್ಸಾದ ತಾಯಿ ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಐವರಿಗೂ ತಲಾ 26 ಗುಂಟೆ. ತಾಯಿಯ ಪಾಲು ಹಲವರ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ತಾಯಿಯೂ ವಿಲ್ ಬರೆಯದೆ ತೀರಿಕೊಂಡರೆ ಆ 26 ಗುಂಟೆ ಅವರ ಎಲ್ಲ ಮಕ್ಕಳಿಗೆ, ಅಂದರೆ ತೀರಿಹೋದವರ ಅಣ್ಣತಮ್ಮ ಅಕ್ಕತಂಗಿಯರಿಗೂ ಹಂಚಿಹೋಗುತ್ತದೆ. ದಾಯಾದಿಗಳು ಹೀಗೆ ತೋಟದೊಳಗೆ ಬರುತ್ತಾರೆ, ಕಾನೂನುಬದ್ಧವಾಗಿಯೇ. (ಮುಸ್ಲಿಮರ ಲೆಕ್ಕ ಬೇರೆ. ಸಾಮಾನ್ಯವಾಗಿ ಸಾಲ ಕಳೆದು ಉಳಿದದ್ದರ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ ವಿಲ್.)

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ನಿಮ್ಮ ಎದುರೇ ಸಹಿ ಹಾಕಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ತಕರಾರು ಬಂದರೆ ಕನಿಷ್ಠ ಒಬ್ಬ ಸಾಕ್ಷಿ ಕೋರ್ಟಿಗೆ ಬಂದು ಹೇಳಬೇಕು, ಎಪ್ಪತ್ತೈದು ದಾಟಿದ ಸ್ನೇಹಿತರನ್ನು ಕರೆತಂದರೆ ಆ ಹೊತ್ತಿಗೆ ಅವರೂ ಇರದೇ ಹೋಗಬಹುದು. ಆಸ್ತಿ ಪಡೆಯುವ ಮಗನೋ ಸೊಸೆಯೋ ಸಾಕ್ಷಿ ಹಾಕುವುದು, ಬರೆಸುವಾಗ ಪಕ್ಕದಲ್ಲೇ ನಿಲ್ಲುವುದು ಬೇಡ, ಅನುಮಾನ ಹುಟ್ಟುವುದೇ ಅಲ್ಲಿ. ಪ್ರತಿ ಹಾಳೆಗೂ ಸಹಿ ಇರಲಿ. ಒಬ್ಬ ಮಗುವಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ವಯಸ್ಸು ಹೆಚ್ಚಿದ್ದರೆ ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರ ಲಗತ್ತಿಸಿ.

ತೋಟ ಒಡೆಯುವುದಿದ್ದರೆ ಸರ್ವೆ ನಂಬರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು ಅಲ್ಲಿಗೇ ನಿಲ್ಲಿಸಬೇಡಿ. ಜಗಳ ಬರುವುದು ಎಕರೆಗಿಂತ ಹೆಚ್ಚಾಗಿ ಅಡಿಕೆ ಒಣಗಿಸುವ ಕಣಕ್ಕೆ, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿಗೆ, ಕೆಳಗಿನ ತೋಟಕ್ಕೆ ಗೊಬ್ಬರದ ಗಾಡಿ ಹೋಗುವ ದಾರಿಗೆ. ಪಂಪ್‌ಸೆಟ್ಟಿನ ಸಂಪರ್ಕ ಯಾರ ಹೆಸರಿಗೆ, ನೀರು ವಾರದಲ್ಲಿ ಯಾರಿಗೆ ಯಾವ ದಿನ, ಕಣ ಯಾರದು, ಇನ್ನೊಬ್ಬರಿಗೆ ಅದನ್ನು ಬಳಸುವ ಹಕ್ಕಿದೆಯೇ, ಇಷ್ಟನ್ನೂ ಬರೆಯಿರಿ.

ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ, ಮುದ್ರಾಂಕ ಶುಲ್ಕವೇನೂ ಇಲ್ಲ. ಹಾಸಿಗೆ ಹಿಡಿದವರ ಮನೆಗೆ ಉಪನೋಂದಣಾಧಿಕಾರಿಯೇ ಬರಲೂ ಅವಕಾಶವಿದೆ. ನೀವು ಬದುಕಿರುವವರೆಗೆ ನಕಲು ನಿಮಗೆ ಅಥವಾ ನಿಮ್ಮ ಅಧಿಕೃತ ಏಜೆಂಟರಿಗಷ್ಟೇ ಸಿಗುತ್ತದೆ. ಮನಸ್ಸು ಬದಲಾದರೆ ಹೊಸದು ಬರೆದು, ‘ಇಂಥ ದಿನಾಂಕದ ವಿಲ್ ರದ್ದು’ ಎಂದು ಸೇರಿಸಿ.

ದಾನಪತ್ರ ಬೇರೆಯೇ ಸಂಗತಿ. ವಿಲ್ ನಿಮ್ಮ ನಂತರ ಜಾರಿಗೆ ಬರುತ್ತದೆ, ದಾನಪತ್ರ ನೋಂದಣಿಯಾದ ದಿನವೇ ಆಸ್ತಿಯನ್ನು ಕೈಬಿಡಿಸುತ್ತದೆ. ಕೊಡಲೇಬೇಕೆಂದರೆ, ‘ನಮ್ಮಿಬ್ಬರ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳುವ ಷರತ್ತಿಗೆ ಒಳಪಟ್ಟು’ ಎಂಬ ಸಾಲನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ದಾನ ರದ್ದು ಕೋರುವಾಗ ಕೈಹಿಡಿಯುವುದು ಆ ಸಾಲು. ಅರ್ಜಿ ಉಪವಿಭಾಗಾಧಿಕಾರಿಗಳ ಮುಂದೆ. ಶಿವಮೊಗ್ಗ ಜಿಲ್ಲೆಯಲ್ಲಾದರೆ ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರದ ಕಚೇರಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗ.

ಬೆಂಗಳೂರಿನಲ್ಲಿರುವ ಮಗನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಟ್ಟಿದ್ದೇವೆ, ಸಾಕು ಎನ್ನುವುದು ಇನ್ನೊಂದು ಭ್ರಮೆ. ಕೊಟ್ಟವರು ತೀರಿಕೊಂಡರೆ ಅದು ಅಂದೇ ಮುಗಿಯಿತು, ಬುದ್ಧಿ ಸ್ವಾಧೀನ ತಪ್ಪಿದರೂ ಮುಗಿಯಿತು. 1872ರ ಕರಾರು ಕಾಯ್ದೆಯ ಮಾತಿದು.

ಬ್ಯಾಂಕಿನ ನಾಮಿನಿಯೂ ಅಷ್ಟೇ. ಹಣ ಪಡೆದುಕೊಳ್ಳುವ ಹಕ್ಕು ಅವರದು, ಒಡೆತನ ವಾರಸುದಾರರದು. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಇಡಬಹುದು. ಡಿಸಿಸಿ ಬ್ಯಾಂಕು, ಊರಿನ ಸೊಸೈಟಿ, ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್ ಸದಸ್ಯತ್ವದ ನಾಮಿನಿಯನ್ನೂ ಒಮ್ಮೆ ನೋಡಿ. ಹಳೆಯ ಪುಸ್ತಕಗಳಲ್ಲಿ ಈಗಿಲ್ಲದ ತಾಯಿಯ ಹೆಸರೇ ಉಳಿದಿರುತ್ತದೆ.

ಕುಟುಂಬ ಪಿಂಚಣಿಯನ್ನು ವಿಲ್‌ನಲ್ಲಿ ಯಾರಿಗೂ ಬರೆದುಕೊಡಲಾಗದು, ಅದು ಸೇವಾ ನಿಯಮದಂತೆ ನಡೆಯುತ್ತದೆ. ಪಿಂಚಣಿ ಆದೇಶದಲ್ಲಿ ಸಂಗಾತಿಯ ಹೆಸರು, ಜನ್ಮದಿನಾಂಕ ಸರಿಯಿದೆಯೇ ಎಂದಷ್ಟೇ ನೋಡಿ. ಪಿಂಚಣಿದಾರರು ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಾಯಿಸಿ, ಬ್ಯಾಂಕಿಗೆ ತಿಳಿಸಿ. ಅಂತ್ಯಕ್ರಿಯೆ ಖರ್ಚಿಗೆಂದು ಎಟಿಎಂ ಕಾರ್ಡಿನಿಂದ ಮುಂದಿನ ತಿಂಗಳ ಪಿಂಚಣಿ ತೆಗೆದರೆ, ಬ್ಯಾಂಕು ಆ ಹಣವನ್ನು ವಾಪಸು ಕೇಳುತ್ತದೆ.