ಡಿಸೈರ್ ಕೊಟ್ಟು ಐ20 ಎನ್ ಲೈನ್ ತರುವ ಮುನ್ನ

ಮನೆಮಂದಿಗೆಲ್ಲ ಒಗ್ಗಿರುವ ಡಿಸೈರ್ ಮಾರಿ, ಹ್ಯುಂಡೈ ಐ20 ಎನ್ ಲೈನ್‌ನಂಥ ಚುರುಕಾದ ಹ್ಯಾಚ್‌ಬ್ಯಾಕ್ ಕೊಳ್ಳುವ ಆಸೆಯಿದ್ದರೆ, ಕಳೆದ ಮೂರು ತಿಂಗಳಲ್ಲಿ ಕಾರು ಎಲ್ಲೆಲ್ಲಿ ಓಡಿತು, ಅದರಲ್ಲಿ ಎಷ್ಟು ಮಂದಿ ಕುಳಿತಿದ್ದರು ಎಂಬುದನ್ನು ಮೊದಲು ಬರೆದುಕೊಳ್ಳಿ. 2021ರಲ್ಲಿ ಭಾರತಕ್ಕೆ ಬಂದ ಎನ್ ಲೈನ್‌ನ 1.0 ಲೀಟರ್ ಟರ್ಬೊ ಎಂಜಿನ್ 120 ಪಿಎಸ್ ಶಕ್ತಿಯನ್ನೂ 172 ನ್ಯೂಟನ್ ಮೀಟರ್ ಟಾರ್ಕನ್ನೂ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಚಾರ್ಮಾಡಿ ಘಾಟಿಯ ತಿರುವು ಮುಗಿಸಿ ಏರು ಹತ್ತುವಾಗ ಈ ಅಂಕಿಗಳ ಅರ್ಥ ಚೆನ್ನಾಗಿ ತಿಳಿಯುತ್ತದೆ. ಆದರೆ ನಿಮ್ಮ ಓಡಾಟದ ಬಹುಪಾಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲೇ ಕಳೆಯುವುದಾದರೆ ಆ ಶಕ್ತಿಗೆ ಕೆಲಸವೇ ಇರುವುದಿಲ್ಲ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ತಾಯಿಯನ್ನೋ ಅತ್ತೆಯನ್ನೋ ಹಿಂದಿನ ಸೀಟಿನಲ್ಲಿ ಕೂರಿಸಿ, ಬಣ್ಣ ಮಾಸಿದ ರಸ್ತೆ ಉಬ್ಬೊಂದರ ಮೇಲೆ ನಿತ್ಯದ ವೇಗದಲ್ಲೇ ದಾಟಿಸಿ. ಬಿಗಿಯಾದ ಸಸ್ಪೆನ್ಷನ್ನಿನ ಕುಲುಕಾಟಕ್ಕೆ ಅವರ ಕೈ ಮುಂದಿನ ಸೀಟನ್ನು ಹಿಡಿದುಕೊಂಡರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ನನ್ನ ದೃಷ್ಟಿಯಲ್ಲಿ ಶೋರೂಮಿನ ಯಾವ ವಿವರಣೆಗಿಂತಲೂ ಈ ಪರೀಕ್ಷೆಯೇ ಮುಖ್ಯ. ಊರಿಗೆ ಒಯ್ಯುವ ಸೂಟ್‌ಕೇಸನ್ನೂ ಜೊತೆಗೆ ಕೊಂಡೊಯ್ದು ಡಿಕ್ಕಿಯಲ್ಲಿಟ್ಟು ನೋಡಿ.

ವೆಚ್ಚ ಲೆಕ್ಕ ಹಾಕುವಾಗ, ಹೊಸ ಕಾರಿಗೆ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕೆಂಬುದು ನೆನಪಿರಲಿ. ವಿಮೆಯ ನೋ ಕ್ಲೈಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾತ್ರ ಕಾರಿನದಲ್ಲ, ನಿಮ್ಮದು. ಹಳೆಯ ಕಾರು ಮಾರಿದೊಡನೆ ಈ ಬೋನಸ್‌ನ ಪ್ರಮಾಣಪತ್ರವನ್ನು ವಿಮಾ ಕಂಪನಿಯಿಂದ ಪಡೆದು ಹೊಸ ಪಾಲಿಸಿಗೆ ಸೇರಿಸಿಕೊಳ್ಳಿ.